ಹಿಂಸಾತ್ಮಕ ಅಪರಾಧದ ಅಂಕಿಗಳು: ಎದುರಾಳಿ ಪಕ್ಷಗಳೆರಡರ ಮಾತೂ ನಿಜವಾಗಿರಲು ಸಾಧ್ಯವೇ?

ಪ್ರಶ್ನೆ

ಚುನಾವಣೆ ಹತ್ತಿರವಾದಂತೆಲ್ಲ ಒಂದೇ ಬಗೆಯ ವಾಗ್ವಾದ ಮರುಕಳಿಸುತ್ತದೆ. ಹಿಂಸಾತ್ಮಕ ಅಪರಾಧ ಮಿತಿಮೀರಿದೆ ಎಂದು ವಿರೋಧ ಪಕ್ಷದವರು ಒಂದು ಅಂಕಿಯನ್ನು ಮುಂದಿಡುತ್ತಾರೆ. ನಮ್ಮ ಅವಧಿಯಲ್ಲಿ ಅದು ಇಳಿದಿದೆ ಎಂದು ಆಡಳಿತ ಪಕ್ಷದವರು ಇನ್ನೊಂದು ಅಂಕಿಯನ್ನು ತೋರಿಸುತ್ತಾರೆ. ಹುಡುಕಿ ನೋಡಿದರೆ ಎರಡೂ ಸರ್ಕಾರಿ ವರದಿಗಳಲ್ಲೇ ಸಿಗುತ್ತವೆ. ಅಪರಾಧಶಾಸ್ತ್ರ ಓದದ ಸಾಮಾನ್ಯ ಓದುಗ ಇಂಥ ಅಂಕಿ ಎದುರಾದಾಗ ಮೊದಲು ಏನನ್ನು ಪರಿಶೀಲಿಸಬೇಕು? ಇದು ಪೆಟ್ಟು ತಿಂದವರ, ಜೀವ ಕಳೆದುಕೊಂಡವರ ವಿಷಯವಾದ್ದರಿಂದ, ಅಂಕಿಅಂಶಗಳನ್ನೇ ನಂಬಬೇಡಿ ಎಂಬ ಉತ್ತರ ನನಗೆ ಸಾಲದು.

ಮೊದಲ ಉತ್ತರ

ಆ ಅಂಕಿ ಎಲ್ಲಿ ಹುಟ್ಟಿತು ಎಂಬುದನ್ನು ಮೊದಲು ನೋಡಿ. ಪೊಲೀಸ್ ಅಂಕಿಅಂಶಗಳಲ್ಲಿ ಕಾಣುವುದು ನಡೆದ ಹಿಂಸೆಯ ಪೈಕಿ ದಾಖಲಾದ ಭಾಗ ಮಾತ್ರ. ಒಂದು ಘಟನೆ ಆ ಪಟ್ಟಿಗೆ ಸೇರಬೇಕಾದರೆ, ಹಲ್ಲೆಗೊಳಗಾದವರು ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಮಾಡಬೇಕು, ಅಲ್ಲಿರುವ ಅಧಿಕಾರಿ ರಾಜಿ ಮಾಡಿಕೊಳ್ಳಿ ಎಂದು ವಾಪಸು ಕಳಿಸದೆ ದೂರು ಸ್ವೀಕರಿಸಬೇಕು, ಸ್ವೀಕರಿಸಿದ ಮೇಲೂ ಸರಿಯಾದ ಕಲಮಿನಡಿ ಅದನ್ನು ದಾಖಲಿಸಬೇಕು. ಬೆದರಿಸಿ ಕೈಯಿಂದ ಕಿತ್ತುಕೊಂಡ ಮೊಬೈಲ್ ಫೋನಿನ ದೂರು ‘ಕಳೆದುಹೋಗಿದೆ’ ಎಂಬ ಸ್ವೀಕೃತಿ ಪತ್ರದಲ್ಲಿ ಮುಗಿದುಹೋದರೆ, ಸುಲಿಗೆಯ ಅಂಕಣದಲ್ಲಿ ಆ ಘಟನೆಯ ಸುಳಿವೇ ಇರುವುದಿಲ್ಲ.

ಭಾರತದ 2012 ಮತ್ತು 2013ರ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2012ರಲ್ಲಿ 24,923 ಅತ್ಯಾಚಾರ ಪ್ರಕರಣಗಳು ದಾಖಲಾಗಿದ್ದರೆ, 2013ರಲ್ಲಿ ಆ ಸಂಖ್ಯೆ 33,707ಕ್ಕೆ ಏರಿತು, ಅಂದರೆ ಒಂದೇ ವರ್ಷದಲ್ಲಿ ಶೇ 35ರಷ್ಟು ಹೆಚ್ಚಳ. ಅದೇ ಅವಧಿಯಲ್ಲಿ ಕೊಲೆ ಪ್ರಕರಣಗಳು 34,434ರಿಂದ 33,201ಕ್ಕೆ ಇಳಿದವು. ಒಂದು ವರ್ಷದಲ್ಲಿ ಸಮಾಜ ಅಷ್ಟರಮಟ್ಟಿಗೆ ಕೆಟ್ಟುಹೋಯಿತು ಎನ್ನುವುದಕ್ಕಿಂತ, 2012ರ ಡಿಸೆಂಬರ್‌ನ ದೆಹಲಿ ಘಟನೆಯ ನಂತರ ಆದ ಬದಲಾವಣೆಗಳ ಕಡೆಗೆ ನೋಡುವುದು ಸೂಕ್ತ: ಕಾನೂನಿನಲ್ಲಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು, ಇಂಥ ದೂರನ್ನು ದಾಖಲಿಸದ ಅಧಿಕಾರಿಯೇ ಶಿಕ್ಷೆಗೆ ಗುರಿಯಾಗುವ ಕಲಮು ಸೇರಿತು, ಮೌನವಾಗಿದ್ದ ಎಷ್ಟೋ ಮಹಿಳೆಯರು ದೂರು ಕೊಡಲು ಮುಂದಾದರು. ನನ್ನ ದೃಷ್ಟಿಯಲ್ಲಿ ಆ ಏರಿಕೆಯ ಬಹುಪಾಲು ಒಳ್ಳೆಯ ಸುದ್ದಿ. ಪೊಲೀಸ್ ಅಂಕಿ ಏರಿತೆಂದರೆ ಅಪರಾಧ ಹೆಚ್ಚಿತೆಂದೇ ಅರ್ಥ ಮಾಡಿಕೊಳ್ಳಬಾರದು ಎಂದು ಬ್ಯೂರೊ ತನ್ನ ವರದಿಯಲ್ಲೇ ಎಚ್ಚರಿಸಿದೆ. ವೇದಿಕೆ ಮೇಲೆ ಆ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಇದಕ್ಕಿಂತ ಗಂಭೀರವಾದ ತೊಂದರೆ ಇನ್ನೊಂದಿದೆ. ದಾಖಲಾದ ಪ್ರಕರಣಗಳ ಸಂಖ್ಯೆಯಿಂದಲೇ ಸರ್ಕಾರವನ್ನು ಅಳೆಯಲು ಹೊರಟರೆ, ಎಫ್‌ಐಆರ್ ದಾಖಲಿಸದಿರುವುದೇ ಅಪರಾಧ ತಗ್ಗಿಸುವ ಸುಲಭ ದಾರಿಯಾಗುತ್ತದೆ. ಮೇಲಿನಿಂದ ಲಿಖಿತ ಆದೇಶವೇನೂ ಬರಬೇಕಿಲ್ಲ. ತಿಂಗಳ ಪರಿಶೀಲನಾ ಸಭೆಯಲ್ಲಿ ‘ನಿಮ್ಮ ಠಾಣೆಯಲ್ಲಿ ಯಾಕೆ ಇಷ್ಟು ಹೆಚ್ಚಾಗಿದೆ’ ಎಂಬ ಒಂದು ಪ್ರಶ್ನೆ ಸಾಕು, ಮರುದಿನ ಬಾಗಿಲಿಗೆ ಬಂದ ದೂರುದಾರರನ್ನು ನಡೆಸಿಕೊಳ್ಳುವ ರೀತಿ ಬದಲಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ಅಧಿಕೃತ ತಪಾಸಣೆಯೊಂದು, ಪೊಲೀಸರ ಗಮನಕ್ಕೆ ಬಂದ ದೈಹಿಕ ಹಿಂಸೆಯ ಅಪರಾಧಗಳಲ್ಲಿ ಸುಮಾರು ಮೂರನೇ ಒಂದು ಭಾಗ ದಾಖಲಾಗುತ್ತಲೇ ಇಲ್ಲ ಎಂಬುದನ್ನು ಹೊರಗೆಡವಿತು. ಅದಾದ ಮೇಲೆ ದಾಖಲಾತಿ ಸುಧಾರಿಸಿ ಪೊಲೀಸ್ ಅಂಕಿ ಸತತವಾಗಿ ಏರಿತು. ಮನೆಮನೆಗೆ ಹೋಗಿ ಜನರನ್ನೇ ಕೇಳುವ ಅಪರಾಧ ಸಮೀಕ್ಷೆಯಲ್ಲಿ ಮಾತ್ರ ಅಂಥ ಏರಿಕೆ ಕಾಣಲಿಲ್ಲ. ನೀವು ಕೇಳಿದ ಪ್ರಶ್ನೆಗೆ ಇದು ನೇರ ಉದಾಹರಣೆ: ಏರಿದೆ ಎಂದವರ ಕೈಯಲ್ಲೂ ಇಳಿದಿದೆ ಎಂದವರ ಕೈಯಲ್ಲೂ ಅಧಿಕೃತ ಅಂಕಿಯೇ ಇತ್ತು.

ಎರಡನೆಯ ಉತ್ತರ

ದೇಶದೇಶಗಳ ಹೋಲಿಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಹಿಂಸಾತ್ಮಕ ಅಪರಾಧದ ದರ ಅಮೆರಿಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬ ವಾದ ಬಂದೂಕು ನಿಯಂತ್ರಣದ ಚರ್ಚೆಗಳಲ್ಲಿ ಆಗಾಗ ಕೇಳಿಬರುತ್ತದೆ. ಎಫ್‌ಬಿಐ ಆ ಶೀರ್ಷಿಕೆಯಡಿ ಎಣಿಸುವುದು ಕೊಲೆ, ಅತ್ಯಾಚಾರ, ಸುಲಿಗೆ ಮತ್ತು ಗಂಭೀರ ಹಲ್ಲೆಗಳನ್ನು ಮಾತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೆಕ್ಕದಲ್ಲಿ ಗಾಯವೇ ಆಗದ ಸಣ್ಣ ಹಲ್ಲೆಗಳೂ ಸೇರುತ್ತವೆ. ಹೀಗಿರುವಾಗ ಎರಡನ್ನೂ ಒಂದೇ ನಕ್ಷೆಯಲ್ಲಿ ಇಡುವುದೇ ತಪ್ಪು. ಕೊಲೆಗಳನ್ನಷ್ಟೇ ಹೋಲಿಸಿದರೆ ಚಿತ್ರ ಪೂರ್ತಿ ತಲೆಕೆಳಗಾಗುತ್ತದೆ. ಅಮೆರಿಕದ ದರವೇ ಹಲವು ಪಟ್ಟು ಹೆಚ್ಚು. ಭಾರತದೊಳಗೂ ಅಷ್ಟೇ: ಒಂದು ಲಕ್ಷ ಜನಸಂಖ್ಯೆಗೆ ದಾಖಲಾಗುವ ಒಟ್ಟು ಅಪರಾಧದಲ್ಲಿ ಕೇರಳ ಆಗಾಗ ಪಟ್ಟಿಯ ಮೇಲ್ತುದಿಯಲ್ಲಿ ಕಾಣುತ್ತದೆ, ಆದರೆ ಅಲ್ಲಿನ ಕೊಲೆ ದರ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ.

ಪ್ರಶ್ನೆ ಕೇಳಿದವರಿಂದ

ವಿವರಗಳಿಗೆ ಧನ್ಯವಾದಗಳು. ಹಾಗಾದರೆ ಉಳಿದ ಅಂಕಿಗಳನ್ನು ಬದಿಗಿಟ್ಟು ಕೊಲೆಯ ಅಂಕಿಯನ್ನು ಮಾತ್ರ ನಂಬಿದರೆ ಸಾಕೇ?

ಮೂರನೆಯ ಉತ್ತರ

ಇರುವುದರಲ್ಲಿ ಕೊಲೆಯ ಅಂಕಿ ಹೆಚ್ಚು ಗಟ್ಟಿಯಾದದ್ದು, ಏಕೆಂದರೆ ಶವವನ್ನು ಮುಚ್ಚಿಡುವುದು ಹಲ್ಲೆಯ ದೂರನ್ನು ಮುಚ್ಚಿಡುವಷ್ಟು ಸುಲಭವಲ್ಲ. ಆದರೆ ಅದಕ್ಕೂ ಮಿತಿಗಳಿವೆ. ಭಾರತದಲ್ಲಿ 2022ರಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು. ಅದೇ ವರ್ಷ ಸಂಭವಿಸಿದ 6 ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ಪ್ರತ್ಯೇಕ ಶೀರ್ಷಿಕೆಯಡಿ ಇರುವುದರಿಂದ ಆ ಲೆಕ್ಕದಲ್ಲಿ ಸೇರಿಲ್ಲ. ಆಂಬುಲೆನ್ಸ್ ಬೇಗ ಬಂದು ಗಾಯಾಳು ಬದುಕಿಕೊಂಡರೆ ಅಷ್ಟೇ ಕ್ರೂರವಾದ ದಾಳಿ ಕೊಲೆ ಯತ್ನವೆಂದು ದಾಖಲಾಗುತ್ತದೆ. ಚಿಕ್ಕ ಜಿಲ್ಲೆಯಲ್ಲಿ ನಾಲ್ಕು ಕೊಲೆ ಎಂಟಾದರೆ ‘ಶೇ 100ರಷ್ಟು ಏರಿಕೆ’ ಎಂದು ಭಾಷಣ ಮಾಡಬಹುದು, ಆದರೆ ಒಂದೇ ಕುಟುಂಬದ ಮೇಲೆ ನಡೆದ ಒಂದೇ ದಾಳಿ ಅದಕ್ಕೆ ಕಾರಣವಾಗಿರಬಹುದು.

ಯಾವ ವರ್ಷದಿಂದ ಲೆಕ್ಕ ಶುರುಮಾಡುತ್ತಾರೆ ಎಂಬುದನ್ನೂ ಗಮನಿಸಿ. ಅಮೆರಿಕದಲ್ಲಿ 2020ರಲ್ಲಿ ಕೊಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ 30ರಷ್ಟು ಹೆಚ್ಚಿದವು. ಅಷ್ಟು ದೊಡ್ಡ ವಾರ್ಷಿಕ ಏರಿಕೆ ಅದಕ್ಕೂ ಹಿಂದಿನ ಹಲವು ದಶಕಗಳಲ್ಲಿ ಕಂಡಿರಲಿಲ್ಲ. ಅದೇ ವರ್ಷ ಸುಲಿಗೆ ಮತ್ತು ಕಳ್ಳತನಗಳು ಇಳಿದವು. ಏರಿಕೆಯ ನಂತರವೂ ಒಂದು ಲಕ್ಷ ಜನರಿಗೆ ಆರೂವರೆಯ ಆಸುಪಾಸಿನಲ್ಲಿದ್ದ ಕೊಲೆ ದರ, 1980ರಲ್ಲಿ ಹತ್ತನ್ನು ದಾಟಿತ್ತು. ಈ ಮೂರರಲ್ಲಿ ಒಂದನ್ನೇ ಆರಿಸಿಕೊಂಡು ಉಳಿದೆರಡರ ಬಗ್ಗೆ ಮೌನ ವಹಿಸುವ ರಾಜಕಾರಣಿ ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಕೇಳುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಕೊಲೆಯಲ್ಲಿ ಮುಗಿಯದ ಹಿಂಸೆಯನ್ನು ತಿಳಿಯಲು ಸಮೀಕ್ಷೆಯೇ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು ಸುಮಾರು ಶೇ 14ರಷ್ಟು ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ಬಂಧುಗಳ ಬಳಿಗೆ. ಪೊಲೀಸರ ಬಳಿ ಹೋದವರು ತೀರಾ ಕಡಿಮೆ. ಅಮೆರಿಕದಲ್ಲಿ 1973ರಿಂದಲೂ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1980ರ ದಶಕದಿಂದಲೂ ಅಪರಾಧಕ್ಕೆ ಒಳಗಾದವರನ್ನು ನೇರವಾಗಿ ಕೇಳುವ ಸಮೀಕ್ಷೆಗಳು ನಡೆದುಬಂದಿವೆ. ಎಲ್ಲ ಬಗೆಯ ಹಿಂಸೆಯನ್ನೂ ಒಳಗೊಂಡು ನಿಯಮಿತವಾಗಿ ನಡೆಯುವ ಅಂಥ ರಾಷ್ಟ್ರೀಯ ಸಮೀಕ್ಷೆ ಭಾರತದಲ್ಲಿ ಇಲ್ಲ. ಮುಂದಿನ ಸಲ ಯಾವುದೇ ಪಕ್ಷದವರು ಏರಿಳಿತದ ಅಂಕಿ ಹಿಡಿದು ಬಂದಾಗ, ಇಂಥ ಸಮೀಕ್ಷೆಯನ್ನು ನಡೆಸಿ, ಫಲಿತಾಂಶ ತಮಗೆ ಪ್ರತಿಕೂಲವಾಗಿದ್ದರೂ ಪ್ರಕಟಿಸುವುದಾಗಿ ಪ್ರಣಾಳಿಕೆಯಲ್ಲಿ ಬರೆದುಕೊಡುತ್ತೀರಾ ಎಂದು ನಾನು ಕೇಳಲಿದ್ದೇನೆ; ನೀವೂ ಕೇಳಿ.