ಪ್ರೆಸ್ ಮಾಡಿ ಅಂದ್ರೆ ನಾಲ್ಕು ಜನ ಒಂದೇ ಬಾಲ್ ಮೇಲೆ ಬೀಳ್ತಾರೆ – ಅಂಡರ್-12 ಸೆವೆನ್ಸ್

ಹಾಸನ ಕೋಚ್:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಂಜೆ ಹೊತ್ತು ಶಾಲಾ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಸೆವೆನ್ಸ್ ಆಟ (ತಂಡಕ್ಕೆ ಏಳು ಜನ), 2-3-1 ಆಡಿಸುತ್ತೇನೆ: ಗೋಲಿ (ಗೋಲ್‌ಕೀಪರ್) ಬಿಟ್ಟು ಹಿಂದೆ ಇಬ್ಬರು, ಮಧ್ಯೆ ಮೂವರು, ಮುಂದೆ ಒಬ್ಬ. ಬಾಲ್ ಕಳೆದುಕೊಂಡಾಗ "ಪ್ರೆಸ್!" (ಎದುರಿನವರ ಮೇಲೆ ಒತ್ತಡ ಹಾಕಿ ಬಾಲ್ ಕಿತ್ತುಕೊಳ್ಳಿ) ಎಂದು ಕೂಗಿದರೆ ನಾಲ್ಕು ಜನ ಒಟ್ಟಿಗೆ ಬಾಲ್ ಮೇಲೆ ಬೀಳುತ್ತಾರೆ. ಎದುರಿನವರು ಒಂದು ಪಾಸ್ ಆಚೆ ಹಾಕಿದರೆ ಮುಗೀತು, ನಮ್ಮ ಗೋಲಿ ಒಬ್ಬನೇ. ಕೂಗದೆ ಸುಮ್ಮನಿದ್ದರೆ ಎಲ್ಲರೂ ಹಿಂದೆ ಸರಿದು ನಮ್ಮ ಬಾಕ್ಸ್ ಒಳಗೇ ಬಂದು ನಿಲ್ಲುತ್ತಾರೆ. ಕೋನ್ ಇಟ್ಟು ಡ್ರಿಲ್ ಮಾಡಿಸಿದರೆ ಚೆನ್ನಾಗಿ ಮಾಡುತ್ತಾರೆ, ಮ್ಯಾಚ್‌ನಲ್ಲಿ ಎಲ್ಲ ಮಾಯ. ಸ್ವಲ್ಪ ಹೊತ್ತಿಗೇ ಸುಸ್ತಾಗಿ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಫಿಟ್‌ನೆಸ್ ಕಡಿಮೆಯಾ ಅಥವಾ ಬೇರೇನಾದರೂ ಇದೆಯಾ?

ಹಳೇ ಗೋಲಿ, ಚಿಕ್ಕಮಗಳೂರು:
ಸರ್, ಮೂರು ವಿಷಯ ಹೇಳಿ. ಮೈದಾನ ಎಷ್ಟು ದೊಡ್ಡದು? ಆಫ್‌ಸೈಡ್ (ಪಾಸ್ ಬರುವ ಮೊದಲೇ ಡಿಫೆನ್ಸ್ ದಾಟಿ ನಿಂತರೆ ತಪ್ಪು ಎನ್ನುವ ನಿಯಮ) ಇಟ್ಟುಕೊಂಡು ಆಡ್ತೀರಾ? ಬಾಲ್ ಆ ಕಡೆ ಇದ್ದಾಗ ನಿಮ್ಮ ಗೋಲಿ ಎಲ್ಲಿ ನಿಂತಿರುತ್ತಾನೆ?

ಹಾಸನ ಕೋಚ್:
ದೊಡ್ಡ ಮೈದಾನದ ಅರ್ಧ ಭಾಗದಲ್ಲಿ ಅಡ್ಡಡ್ಡ ಆಡಿಸುತ್ತೇವೆ. ಆಫ್‌ಸೈಡ್ ಇಲ್ಲ. ಗೋಲಿ ಗೆರೆ ಮೇಲೇ ಇರುತ್ತಾನೆ.

ಹಳೇ ಗೋಲಿ, ಚಿಕ್ಕಮಗಳೂರು:
ಹಾಗಾದ್ರೆ ಫಿಟ್‌ನೆಸ್ ಮಾತು ಸದ್ಯಕ್ಕೆ ಬಿಡಿ. ಲೆಕ್ಕ ಹಾಕೋಣ. ದೊಡ್ಡವರ ಮೈದಾನ 105×68 ಮೀಟರ್ ಎಂದಿಟ್ಟುಕೊಂಡರೆ ಅದರ ಅರ್ಧ ಸುಮಾರು 3570 ಚದರ ಮೀಟರ್. 14 ಮಕ್ಕಳಿಗೆ ಹಂಚಿದರೆ ತಲೆಗೆ 255. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಮಕ್ಕಳ ಸೆವೆನ್ಸ್‌ಗೆ ಹೇಳುವ ಅಳತೆ 60×40 ಗಜ, ಅಂದರೆ ಸುಮಾರು 55×37 ಮೀಟರ್. ಅಲ್ಲಿ ತಲೆಗೆ 145 ಬರುತ್ತದೆ. ನಿಮ್ಮ ಹುಡುಗರು ಅದಕ್ಕಿಂತ ಮುಕ್ಕಾಲು ಪಾಲು ಜಾಸ್ತಿ ಜಾಗ ಕಾಯ್ತಾ ಇದ್ದಾರೆ. ಸುಸ್ತಾಗದೆ ಇನ್ನೇನು? ಒಬ್ಬ ಬಾಲ್ ಹತ್ತಿರ ಹೋದಾಗ ಇನ್ನೊಬ್ಬ ಇಪ್ಪತ್ತು ಹೆಜ್ಜೆ ದೂರ ಇರುತ್ತಾನೆ. ಅವನು ಬರುವಷ್ಟರಲ್ಲಿ ಪಾಸ್ ಹೋಗಿರುತ್ತದೆ.

ಮ್ಯಾಚ್‌ಗೆ ಕೋನ್ ಇಟ್ಟು ಮೈದಾನ ಚಿಕ್ಕದು ಮಾಡಿ. ಪ್ರೆಸ್ ಕಲಿಸುವ ದಿನ ಇನ್ನೂ ಚಿಕ್ಕದು: 30×20 ಮೀಟರ್‌ನಲ್ಲಿ ಐದೈದು ಜನ. ತಲೆಗೆ 60 ಚದರ ಮೀಟರ್. ಅಲ್ಲಿ ಎರಡನೆಯವನು ತಾನಾಗಿಯೇ ಹತ್ತಿರ ಇರುತ್ತಾನೆ, ಬಾಲ್ ಕಿತ್ತುಕೊಂಡ ರುಚಿ ಮಕ್ಕಳಿಗೆ ಸಿಗುತ್ತದೆ.

ಆಫ್‌ಸೈಡ್ ಇಲ್ಲದಿರುವುದೂ ಸಣ್ಣ ವಿಷಯವಲ್ಲ. ಟಿವಿಯಲ್ಲಿ ದೊಡ್ಡ ತಂಡಗಳು ಡಿಫೆನ್ಸನ್ನು ಅರ್ಧ ಗೆರೆವರೆಗೂ ತರುವುದು ಆಫ್‌ಸೈಡ್ ನಂಬಿಕೊಂಡು. ನಿಮ್ಮಲ್ಲಿ ಎದುರಿನ ಹುಡುಗ ಒಬ್ಬ ನಿಮ್ಮ ಗೋಲ್ ಹತ್ತಿರವೇ ನಿಂತರೂ ಯಾರೂ ಸೀಟಿ ಊದುವುದಿಲ್ಲ. ಹಾಗಾಗಿ ಒಬ್ಬ ಡಿಫೆಂಡರ್ ಅವನ ಜೊತೆ ಇರಲೇಬೇಕು, ಗೋಲಿ ಗೆರೆ ಬಿಟ್ಟು ಆರೇಳು ಹೆಜ್ಜೆ ಮುಂದೆ ಬರಬೇಕು. ಗೋಲಿಗಳಿಗೆ ಇದನ್ನು ಯಾರೂ ಹೇಳಿಕೊಡುವುದೇ ಇಲ್ಲ, ಗೋಲಾದ ಮೇಲೆ ಬೈಯುವುದು ಮಾತ್ರ ಅವರನ್ನೇ!

ಪಿಟಿ ಮೇಡಂ, ಕಡೂರು:
ಜಾಗದ ಮಾತು ಸರಿ ಸರ್. ಆದರೆ ಯಾರು ಹೋಗಬೇಕು ಎಂದು ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಚಿಕ್ಕ ಮೈದಾನದಲ್ಲೂ ಗುಂಪಾಗಿಯೇ ಬೀಳುತ್ತಾರೆ. ನಮ್ಮ ಕಡೆ ಮಕ್ಕಳಿಗೆ ಕಬಡ್ಡಿ ಚೆನ್ನಾಗಿ ಗೊತ್ತು, ನಾನು ಅದರಿಂದಲೇ ಶುರು ಮಾಡುತ್ತೇನೆ. ರೈಡರ್ ಬಂದಾಗ ಕಾರ್ನರ್‌ನವನು ಒಬ್ಬನೇ ಹಾರಿದರೆ ಪಾಯಿಂಟ್ ಕೊಟ್ಟಂತೆ. ಎಲ್ಲರೂ ಒಟ್ಟಿಗೆ ನುಗ್ಗಿದರೆ ಪಕ್ಕದಲ್ಲಿ ಜಾಗ ಬಿಟ್ಟಂತೆ. ಕಾರ್ನರ್ ಹಿಡಿಯುವ ಹೊತ್ತಿಗೆ ಕವರ್ ದಾರಿ ಮುಚ್ಚಿರಬೇಕು, ಅಲ್ವಾ? ಇದನ್ನು ಹೇಳಿದರೆ ಹುಡುಗರಿಗೆ ತಕ್ಷಣ ಅರ್ಥವಾಗುತ್ತದೆ.

ಆಮೇಲೆ ಫುಟ್‌ಬಾಲ್‌ಗೆ ಬರುತ್ತೇನೆ. ಬಾಲ್‌ಗೆ ಹತ್ತಿರ ಇರುವವನು "ನಾನು" ಎಂದು ಕೂಗಿ ಹೋಗಬೇಕು, ಅವನೊಬ್ಬನೇ. ನೆಟ್ಟಗೆ ಓಡುವುದಲ್ಲ. ಮಧ್ಯದ ಪಾಸ್ ಮುಚ್ಚುವ ಹಾಗೆ ಸ್ವಲ್ಪ ಸುತ್ತಿಕೊಂಡು ಬಂದು ಬಾಲ್ ಇರುವವನನ್ನು ಸೈಡ್ ಗೆರೆ ಕಡೆ ತಳ್ಳಬೇಕು. ಕೊನೆಯ ಎರಡು ಮೀಟರ್‌ನಲ್ಲಿ ವೇಗ ಇಳಿಸಿ ಚಿಕ್ಕ ಹೆಜ್ಜೆ, ಮೈ ಓರೆ. ಇಲ್ಲಿಯೇ ಮಕ್ಕಳು ಎಡವುವುದು. ಪೂರ್ತಿ ವೇಗದಲ್ಲಿ ಹೋಗಿ ಕಾಲು ಹಾಕುತ್ತಾರೆ, ಎದುರಿನವನು ಒಂದು ಟಚ್‌ನಲ್ಲಿ ದಾಟಿಬಿಡುತ್ತಾನೆ. ಎರಡನೆಯವನು ಮೂರ್ನಾಲ್ಕು ಮೀಟರ್ ಹಿಂದೆ, ಒಳಗಡೆ. ನಿಜವಾಗಿ ಬಾಲ್ ಸಿಗುವುದು ಹೆಚ್ಚಾಗಿ ಇವನಿಗೇ. ಮೂರನೆಯವನು ಹತ್ತಿರದ ಪಾಸ್ ಕಾಯುತ್ತಾನೆ. ಉಳಿದವರು ಮಧ್ಯಕ್ಕೆ ಬಂದರೆ ಸಾಕು.

ಯಾವಾಗ ಹೋಗಬೇಕು ಎನ್ನುವುದಕ್ಕೆ ಒಂದೇ ಗುರುತು ಕೊಡಿ. ಬಾಲ್ ತೆಗೆದುಕೊಳ್ಳುವವನ ಬೆನ್ನು ನಮ್ಮ ಕಡೆ ಇದ್ದಾಗ ಹೋಗು, ಅಷ್ಟೇ. ಅದು ಕೂತ ಮೇಲೆ ಎರಡನೆಯದು: ಮೊದಲ ಟಚ್ ಕೆಟ್ಟಾಗ. ಗೋಲಿಗೆ ಬ್ಯಾಕ್‌ಪಾಸ್ ಹೋದಾಗ ಎನ್ನುವುದು ಕೊನೆಗೆ. 1992ರಿಂದ ಅಂಥ ಪಾಸನ್ನು ಗೋಲಿ ಕೈಯಲ್ಲಿ ಮುಟ್ಟುವ ಹಾಗಿಲ್ಲವಲ್ಲ, ಗಾಬರಿಯಲ್ಲಿ ಒದೆಯುತ್ತಾನೆ.

ಡ್ರಿಲ್‌ನಲ್ಲಿ ಬರುತ್ತೆ, ಮ್ಯಾಚ್‌ನಲ್ಲಿ ಬರಲ್ಲ ಅಂದಿರಿ. ಕೋನ್ ಸುತ್ತ ಓಡುವಾಗ ಯೋಚಿಸುವ ಕೆಲಸ ಇಲ್ಲವಲ್ಲ. ಆಟದಲ್ಲೇ ನಿಯಮ ಹಾಕಿ. ನಾಲ್ಕು-ನಾಲ್ಕು ಜನ, ಪ್ರತಿ ತಂಡಕ್ಕೂ ಎರಡು ಮೂಲೆಯಲ್ಲಿ ಎರಡು ಪುಟ್ಟ ಗೋಲ್. ಬಾಲ್ ಕಿತ್ತುಕೊಂಡ ಆರು ಸೆಕೆಂಡ್ ಒಳಗೆ ಗೋಲ್ ಹೊಡೆದರೆ ಎರಡು ಲೆಕ್ಕ. ಗುಂಪಾಗಿ ಒಂದು ಕಡೆ ಬಿದ್ದರೆ ಎದುರಿನವರು ಇನ್ನೊಂದು ಮೂಲೆಗೆ ತಿರುಗಿಸಿ ಹೊಡೆಯುತ್ತಾರೆ. ನೀವು ಕೂಗುವುದೇ ಬೇಡ, ಆಟವೇ ಬೈಯುತ್ತದೆ.

ಸಕಲೇಶಪುರದವ:
ಒಂದು ತಕರಾರು. ಈ ವಯಸ್ಸಿಗೆ ಗೋಲ್ ಕಿಕ್ (ಬಾಲ್ ಗೋಲ್ ಗೆರೆ ಆಚೆ ಹೋದ ಮೇಲೆ ಗೋಲ್ ಮುಂದಿನಿಂದ ಒದ್ದು ಆಟ ಶುರು ಮಾಡುವುದು) ಮೇಲೆ ಪ್ರೆಸ್ ಮಾಡಿಸಬೇಡಿ. ಎದುರಿನ ಗೋಲಿಗೆ ಬಾಲ್ ದೂರ ಒದೆಯಲು ಬರಲ್ಲ, ನಮ್ಮವರು ಬಾಕ್ಸ್ ಮುಂದೆ ನಿಂತು ಗೋಲ್ ಮೇಲೆ ಗೋಲ್. ಕಪ್ ಬರಬಹುದು, ಯಾರೂ ಏನೂ ಕಲಿಯಲ್ಲ. ಇಂಗ್ಲೆಂಡಿನ ಮಕ್ಕಳ ಸೆವೆನ್ಸ್‌ನಲ್ಲಿ ಗೋಲ್ ಕಿಕ್ ಆಗುವಾಗ ಎದುರು ತಂಡ ಅರ್ಧ ಗೆರೆಗೆ ಹಿಂದೆ ಹೋಗಬೇಕು. ಅಮೆರಿಕದಲ್ಲೂ ಇದಕ್ಕೇ ಅಂತ ಬೇರೆ ಗೆರೆ ಎಳೆಯುತ್ತಾರೆ.

ಪಿಟಿ ಮೇಡಂ, ಕಡೂರು:
ಒಪ್ಪಿದೆ. ನಾನು ಹೇಳಿದ್ದು ಬಾಲ್ ಕಳೆದುಕೊಂಡ ಕ್ಷಣದ ಪ್ರೆಸ್. ಕೋಚ್ ಗ್ವಾರ್ಡಿಯೊಲಾ ಕಾಲದ ಬಾರ್ಸಿಲೋನಾ ಐದಾರು ಸೆಕೆಂಡ್ ಒಳಗೆ ಬಾಲ್ ವಾಪಸ್ ಕಿತ್ತುಕೊಳ್ಳಬೇಕು ಎನ್ನುತ್ತಿತ್ತು, ಜರ್ಮನಿಯ ಕೋಚ್ ರಾಂಗ್ನಿಕ್ ಎಂಟು ಸೆಕೆಂಡ್. ನಮ್ಮ ಮಕ್ಕಳಿಗೆ ಐದು ಸಾಕು. ಸಿಗದಿದ್ದರೆ ಹಿಂದೆ ಬರಲಿ.

ಹಾಸನ ಕೋಚ್:
ಚಿಕ್ಕ ಮೈದಾನ, ಪುಟ್ಟ ಗೋಲ್ ಎರಡೂ ಮಾಡಿ ನೋಡಿದೆ. ಗುಂಪು ಒಡೆದಿದೆ, ಸುಸ್ತೂ ಕಡಿಮೆ. ಈಗ ಹೊಸ ತಲೆನೋವು: ಮೊದಲನೆಯವನು "ನಾನು" ಎಂದು ಹೋಗುತ್ತಾನೆ, ಎರಡನೆಯವನು ನಿಂತು ನೋಡುತ್ತಾನೆ. ಮಳೆ ಬೇರೆ ಶುರುವಾಗಿದೆ, ಮೈದಾನ ಕೆಸರು.

ಹಳೇ ಗೋಲಿ, ಚಿಕ್ಕಮಗಳೂರು:
ಎರಡನೆಯವನಿಗೂ ಬಾಯಿ ಕೊಡಿ ಸರ್. "ಎಡಕ್ಕೆ ತಳ್ಳು", "ಬಲಕ್ಕೆ ತಳ್ಳು" ಎಂದು ಮೊದಲನೆಯವನಿಗೆ ಹೇಳುವುದು ಅವನ ಕೆಲಸ. ಮಾತಾಡಬೇಕು ಅಂದ್ರೆ ಹತ್ತಿರ ಬರಲೇಬೇಕು. ಅವನು ಕಿತ್ತ ಬಾಲ್‌ಗೆ ಒಂದು ಪಾಯಿಂಟ್ ಜಾಸ್ತಿ ಕೊಡಿ.

ಕೆಸರಿನಲ್ಲಿ ನೆಲದ ಪಾಸ್ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ನಿಂತ ಬಾಲ್ ಕಂಡರೆ ಹೋಗು ಎನ್ನಿ, ಮಳೆಗಾಲಕ್ಕೆ ಆ ಒಂದು ಗುರುತು ಸಾಕು. ಆದರೆ ಜಾರುವ ನೆಲದಲ್ಲಿ ಸ್ಲೈಡ್ ಟ್ಯಾಕಲ್ (ನೆಲದ ಮೇಲೆ ಜಾರಿ ಬಾಲ್ ಕೀಳುವುದು) ಬೇಡವೇ ಬೇಡ. ಎರಡು ನಿಮಿಷ ಆಟ, ಒಂದು ನಿಮಿಷ ಬಿಡುವು ಕೊಡಿ. ಮಳೆ ಜೋರಾದರೆ ಮಕ್ಕಳನ್ನು ಮನೆಗೆ ಕಳಿಸಿ.