ನೆಲದಡಿಯ ದಾರಿ: ಸುರಂಗವೋ, ಬೋಗದಾವೋ, ಗಟಾರವೋ?

ನಾದಾರ್ ಎಂಬ ಫ್ರೆಂಚ್ ಫೋಟೊಗ್ರಾಫರ್ 1860ರ ದಶಕದಲ್ಲಿ ಪ್ಯಾರಿಸ್ ಊರಿನ ಅಡಿಗೆ ಇಳಿದು ತೆಗೆದ ಚಿತ್ರಗಳನ್ನು ಹುಬ್ಬಳ್ಳಿಯ ಗೆಳೆಯರಿಗೆ ತೋರಿಸಬೇಕಿದೆ. ಅಡಿಬರಹ ಬರೆಯಲು ಕೂತವನು ಒಂದೇ ಪದಕ್ಕೆ ಮೂರು ದಿನದಿಂದ ತಡೆದು ನಿಂತಿದ್ದೇನೆ.

ಚಿತ್ರಗಳಲ್ಲಿ ಎರಡು ಬಗೆ. ಒಂದು, ಲಕ್ಷಗಟ್ಟಲೆ ಜನರ ಎಲುಬು ಒಟ್ಟಿಟ್ಟ ಹಳೆಯ ಸುಣ್ಣಕಲ್ಲಿನ ಗಣಿ. ಅದಕ್ಕೆ ಸುರಂಗ ಅಂದರೆ ಸಾಕು. ತೊಡಕಿರುವುದು ಎರಡನೆಯದರಲ್ಲಿ. ಊರಿನ ಹೊಲಸು ನೀರು ಹರಿಯುವ ದಾರಿ ಅದು. ಮೇಲೆ ಕಮಾನು, ಪಕ್ಕದಲ್ಲಿ ಆಳು ನಡೆಯುವಷ್ಟು ಕಟ್ಟೆ.

ಗಟಾರ ಅಂತ ಬರೆದೆ. ಓದಿದ ಗೆಳೆಯ, "ಗಟಾರದಾಗ ಕತ್ತಲಿ ಎಲ್ಲಿಂದ ಬಂತೋ?" ಅಂದ. ನಿಜ, ನಮ್ಮಲ್ಲಿ ಗಟಾರ ಅಂದರೆ ಮನೆ ಮುಂದೆ ಬಾಯಿ ತೆರೆದುಕೊಂಡಿರುವುದು. ಒಳಚರಂಡಿ ಅಂದರೆ ಬರೀ ಪೈಪು ಕಣ್ಣಿಗೆ ಬರುತ್ತದೆ. ರೈಲ್ವೆಯಲ್ಲಿದ್ದ ನಮ್ಮ ಚಿಕ್ಕಪ್ಪ ಕ್ಯಾಸಲ್‌ರಾಕ್ ಘಟ್ಟದ ಸುರಂಗಗಳಿಗೆ ಬೋಗದಾ ಅನ್ನುತ್ತಿದ್ದರು, ಮರಾಠಿಯ ಮಾತು. ಆದರೆ ಬೋಗದಾ ಅಂದ ಕೂಡಲೇ ಆಚೆ ತುದಿಯ ಬೆಳಕು ನೆನಪಾಗುತ್ತದೆ, ಅಲ್ವಾ? ಇದಕ್ಕೂ ಸುರಂಗ ಅಂದುಬಿಡೋಣ ಅಂದರೆ, ಕಾಸರಗೋಡಿನ ಕಡೆ ಸುರಂಗ ಅಂದರೆ ಕುಡಿಯುವ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ದಾರಿ. ಹೊಲಸಿಗೆ ಆ ಪದ ಹಚ್ಚಲು ಮನಸ್ಸು ಬರುತ್ತಿಲ್ಲ.

ನನಗೆ ಬೇಕಾದ್ದು ಕತ್ತಲೆಯೂ ಇರುವ ಪದ. ನವಲಗುಂದದ ಕಡೆ ಅಜ್ಜಿಯ ಊರಲ್ಲಿ ಹಗೇವು, ಅಂದರೆ ನೆಲದಡಿ ಜೋಳ ತುಂಬಿಡುವ ಕುಣಿ, ಇತ್ತು. ಬಾಯಿಯ ಕಲ್ಲು ಸರಿಸಿ, ಗಾಳಿ ಆಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಕಂದೀಲು ಮುಟ್ಟಿದಷ್ಟೇ ಗೋಡೆ, ಉಳಿದದ್ದೆಲ್ಲ ಗವ್ ಅನ್ನುವ ಕತ್ತಲೆ. ನಾದಾರ್‌ ಕೂಡ ಬ್ಯಾಟರಿಗಳನ್ನು ನೆಲದ ಮೇಲಿಟ್ಟು, ತಂತಿ ಇಳಿಬಿಟ್ಟು ದೀಪ ಹೊತ್ತಿಸಿದ್ದ. ಒಂದೊಂದು ಚಿತ್ರಕ್ಕೆ 18 ನಿಮಿಷದವರೆಗೂ ಬೆಳಕು ಉಣಿಸಬೇಕಿತ್ತು. ಅಷ್ಟು ಹೊತ್ತು ಮನುಷ್ಯ ಅಲುಗಾಡದೆ ನಿಲ್ಲೋದು ಆಗದ ಮಾತು. ಅದಕ್ಕೇ ಕೆಲಸಗಾರರ ಬಟ್ಟೆ ತೊಡಿಸಿದ ಬೊಂಬೆಗಳನ್ನು ನಿಲ್ಲಿಸಿದ.

ಸದ್ಯಕ್ಕೆ 'ಕಮಾನು ಗಟಾರ' ಅಂತ ಬರೆದಿಟ್ಟಿದ್ದೇನೆ. ಸಮಾಧಾನ ಇಲ್ಲ. ಮೇಲೆ ಕಲ್ಲು ಮುಚ್ಚಿದ, ಆಳು ಹೊಕ್ಕು ನಡೆಯುವಷ್ಟು ದೊಡ್ಡ ಕಾಲುವೆಗೆ ಗದಗ, ಹಾವೇರಿ ಕಡೆ ಏನನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಹಾಗೇ ಇನ್ನೊಂದು: ಈ 'ಗವ್' ಅನ್ನುವುದಕ್ಕೂ 'ಗವಿ'ಗೂ ನಂಟಿದೆಯೇ?