ಸರ್ಕಾರನೇ ಇಲ್ಲದೆ ಊರು ನಡೆಯುತ್ತಾ?

ಟೊಮೆಟೊ ತೋಟ, ಕೋಲಾರ:
ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗಲೆಲ್ಲ ಒಂದೇ ವಾದ. ಸರ್ಕಾರ ಅನ್ನೋದೇ ಬೇಡ, ಜನ ತಾವೇ ನೋಡಿಕೊಳ್ಳುತ್ತಾರೆ ಅಂತ. ನಕ್ಕು ಸುಮ್ಮನಾಗೋಣ ಅಂದರೆ ಅವನು ಕೊಡೋ ಉದಾಹರಣೆಗಳೆಲ್ಲ ನನ್ನವೇ. ಮಂಡಿಗೆ ಹದಿನೈದು ಕೆ.ಜಿ. ಬಾಕ್ಸ್ ಇಳಿಸುತ್ತೇನೆ, ಹರಾಜು ಕೂಗಿ ಮುಗಿಸೋಕೆ ಎರಡು ನಿಮಿಷ ಸಾಕು. ಬೀಜ, ಔಷಧಿಗೆ ಅಂತ ಮಂಡಿಯವರ ಹತ್ತಿರ ತಗೊಂಡ ಮುಂಗಡಕ್ಕೆ ಬಾಯಿ ಮಾತೇ ಆಧಾರ. ನಮ್ಮನೆಯವಳು ಕಟ್ಟೋ ಚೀಟಿಯೂ ಅಷ್ಟೇ. "ಇದರಲ್ಲಿ ಸರ್ಕಾರ ಎಲ್ಲಿದೆ ಅಣ್ಣ?" ಅಂತಾನೆ. ಐಸ್‌ಲ್ಯಾಂಡ್, ಸೊಮಾಲಿಯಾ ಅಂತ ಬೇರೆ ಶುರು ಮಾಡುತ್ತಾನೆ. ಖಾತೆ ಬದಲಾವಣೆಗೆ ಅಲೆದು ಚಪ್ಪಲಿ ಸವೆಸಿದವನು ನಾನು. ಆದರೂ ಒಪ್ಪೋಕೆ ಮನಸ್ಸು ಬರ್ತಿಲ್ಲ. ಏನು ಹೇಳಲಿ? ಪಾರ್ಟಿ ಜಗಳ ಬೇಡ, ಪ್ಲೀಸ್.

ಮಾಲೂರು ಮೇಷ್ಟ್ರು:
ಐಸ್‌ಲ್ಯಾಂಡ್‌ನಲ್ಲಿ 930ರಿಂದ 1262ರವರೆಗೆ ರಾಜ ಇರಲಿಲ್ಲ, ನಿಜ. ವರ್ಷಕ್ಕೊಮ್ಮೆ ಆಲ್ತಿಂಗ್ ಸಭೆ ಸೇರುತ್ತಿತ್ತು, ವ್ಯಾಜ್ಯ ಅಲ್ಲೇ ತೀರುತ್ತಿತ್ತು. ಆದರೆ ತೀರ್ಪು ಜಾರಿ ಮಾಡೋದು ಗೆದ್ದವನದೇ ತಲೆನೋವು. ಕೈಲಾಗದ ಬಡವ ತನ್ನ ಕೇಸನ್ನೇ ಬಲಿಷ್ಠನೊಬ್ಬನಿಗೆ ಒಪ್ಪಿಸಬೇಕು. ಕೊನೆಗೆ ಕೆಲವೇ ಮನೆತನಗಳು ಎಲ್ಲ ಬಾಚಿಕೊಂಡು, ತಮ್ಮಲ್ಲೇ ಹೊಡೆದಾಡಿ, ದೇಶ ನಾರ್ವೆ ರಾಜನ ಪಾಲಾಯಿತು. ಮುನ್ನೂರು ವರ್ಷ ನಡೆಯಿತಲ್ಲ ಅಂದರೆ ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸೊಮಾಲಿಯಾದಲ್ಲಿ 1991ರಲ್ಲಿ ಸರ್ಕಾರ ಬಿದ್ದ ಮೇಲೆ ಫೋನ್ ಕಂಪನಿಗಳು ಬೆಳೆದವು, ಹವಾಲಾದಲ್ಲಿ ದುಡ್ಡು ಊರು ಮುಟ್ಟುತ್ತಿತ್ತು. ಬಂದೂಕಿನ ಗುಂಪುಗಳೂ ಬೆಳೆದವು. ಅದನ್ನೂ ಹೇಳಬೇಕು ಅಲ್ವಾ?

ಇನ್ನು ನಿಮ್ಮ ಮಂಡಿ. ತೂಕದ ಯಂತ್ರಕ್ಕೆ ಸೀಲು ಹಾಕೋರು ಯಾರು, ಕೈಗೆ ಬರೋ ನೋಟು ಯಾರದ್ದು, ಕೇಳಿ ನೋಡಿ.

ನೀರುಗಂಟಿ ಮೊಮ್ಮಗಳು, ಮುಳಬಾಗಿಲು:
ನಮ್ಮ ತಾತ ನೀರುಗಂಟಿ. ಕೆರೆ ತೂಬು ಎತ್ತೋದು, ಮುಚ್ಚೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಎಲ್ಲ ಅವರದ್ದೇ ಮಾತು. ರಾತ್ರಿ ಸನಿಕೆ ಹೆಗಲಿಗಿಟ್ಟು ಕಾಲುವೆ ಉದ್ದಕ್ಕೂ ನಡೆಯುತ್ತಿದ್ದರು. ಗದ್ದೆ ಯಜಮಾನ ತಾನೇ ಮಡೆ ಒಡೆಯೋ ಹಾಗಿಲ್ಲ, ಊರಗೌಡನೇ ಆದರೂ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಜಾಗಕ್ಕೆ ನಾಟಿ ಅಂತ ಮೊದಲೇ ಕೂತು ಮಾತಾಡಿಕೊಳ್ಳುತ್ತಿದ್ದರು. ತಾತನಿಗೆ ಸಂಬಳ ಅಂದರೆ ಕಣದಲ್ಲಿ ಅಳೆದುಕೊಟ್ಟ ಭತ್ತ. ಇಂಥ ಪದ್ಧತಿಗಳನ್ನೇ ನೇಪಾಳ, ಸ್ಪೇನ್‌ನಲ್ಲೆಲ್ಲ ನೋಡಿ ಬರೆದ ಎಲಿನಾರ್ ಆಸ್ಟ್ರಂಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಲ್ಲಿವರೆಗೆ ನಿಮ್ಮ ತಮ್ಮನೇ ಗೆದ್ದ.

ಮುಂದಿನದು ಕೇಳಿ. ಊರಿಗೆಲ್ಲ ನೀರು ಹಂಚಿದ ತಾತ ಊರ ಬಾವಿಯ ಹಗ್ಗ ಮುಟ್ಟೋ ಹಾಗಿರಲಿಲ್ಲ. ಅಜ್ಜಿ ಬಿಂದಿಗೆ ಇಟ್ಟುಕೊಂಡು ಕಾಯಬೇಕು, ಯಾರಾದರೂ ಮನಸ್ಸು ಮಾಡಿ ಮೇಲಿಂದ ಸುರಿಯೋವರೆಗೆ. ಅದೂ ಊರವರೇ ಕೂತು ಒಪ್ಪಿಕೊಂಡ ನಿಯಮ. ಯಾವ ಆಫೀಸರೂ ಬರೆದದ್ದಲ್ಲ. ನಮ್ಮ ಕೇರಿಗೆ ಕೈಪಂಪು ಹಾಕಿಸಿದ್ದು ಸರ್ಕಾರ.

ಹಾಗಂತ ಹೊಗಳೋಕೂ ಬಾಯಿ ಬರಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಪೊಲೀಸ್ ಇತ್ತು, ಕೋರ್ಟ್ ಇತ್ತು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಬಿಡುಗಡೆಯಾದರು. ಸರ್ಕಾರ ಇಲ್ಲದಿದ್ದರೆ ಕೇಸೇ ಇರುತ್ತಿರಲಿಲ್ಲ ಅನ್ನಬಹುದು. ಅದು ಸಮಾಧಾನದ ಮಾತಾ, ನೀವೇ ಹೇಳಿ.

ಬೋರ್‌ವೆಲ್ ಬಂಗಾರಪೇಟೆ:
ಅಕ್ಕ ಹೇಳಿದ್ದು ಸರಿ. ಆದರೆ ತೂಬಿಗೆ ನೀರುಗಂಟಿ ಇದ್ದರು, ಬೋರ್‌ವೆಲ್‌ಗೆ ಯಾರು? ನಾನು 400 ಅಡಿ ಕೊರೆಸಿದರೆ ಪಕ್ಕದವನು 800. ಆಮೇಲೆ ನಾನು 1,200. ಕೊರೆಸೋಕೆ ಪರ್ಮಿಷನ್ ಬೇಕು ಅಂತ 2011ರ ಕಾನೂನಿದೆ. ರಿಗ್ ಲಾರಿ ಅದರ ಪಾಡಿಗೆ ಬರುತ್ತೆ, ಹೋಗುತ್ತೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಪುಕ್ಕಟೆ ಕರೆಂಟ್ ಕೊಡೋದೂ ಅದೇ ಸರ್ಕಾರ! ಒಂದು ಕೈಲಿ ಬೇಡ ಅನ್ನುತ್ತೆ, ಇನ್ನೊಂದು ಕೈಲಿ ಸ್ವಿಚ್ ಒತ್ತುತ್ತೆ. ಈ ಒಂದು ವಿಷಯದಲ್ಲಿ ನಾನು ಸಾಫ್ಟ್‌ವೇರ್ ತಮ್ಮನ ಕಡೆ.

ಆದರೆ ಕೆ.ಸಿ. ವ್ಯಾಲಿ ನೀರಿನ ಯೋಜನೆ? 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಅಷ್ಟು ದೂರ ಪೈಪ್ ಎಳೆಯೋದು ಊರವರ ಚಂದಾ ದುಡ್ಡಲ್ಲಿ ಆಗೋ ಕೆಲಸವಾ? ಮೂರನೇ ಹಂತವೂ ಮಾಡಿ ಅಂತ ಜಗಳ ಆಡೋಕಾದರೂ ಎದುರಿಗೆ ಒಬ್ಬರು ಇರಬೇಕಲ್ಲ.

ಟೊಮೆಟೊ ತೋಟ, ಕೋಲಾರ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕನ ಉತ್ತರವನ್ನು ತಮ್ಮನಿಗೆ ವಾಟ್ಸಾಪ್ ಮಾಡಿದೆ. "ಅಂಥ ಊರು ಬಿಟ್ಟು ಬೇರೆ ಊರು ಕಟ್ಟಿಕೊಳ್ಳಬಹುದಿತ್ತಲ್ಲ" ಅಂತ ಬರೆದಿದ್ದಾನೆ. ಯಾರ ಜಮೀನಿನಲ್ಲಿ ಅಂತ ಕೇಳಿದ್ದೇನೆ.